ರಾತ್ರಿಯ ಊಟಕ್ಕೂ ಒಂದು ಇಂಡೆಂಟ್ ಇರಲಿ

ಸಂಪಾದಕರಿಗೆ,
ಓದುಗರ ಪತ್ರ ವಿಭಾಗ,
ಬೆಂಗಳೂರು.

ಮಾನ್ಯರೇ,

ತಮ್ಮ ಪತ್ರಿಕೆಯ ವಾರದ ಪುರವಣಿಯಲ್ಲಿ ಬರುವ ಅಡುಗೆಯ ಪುಟವನ್ನು ನಾನು ತಪ್ಪದೆ ಓದುವವನು. ಯುಗಾದಿಗೆ ಒಬ್ಬಟ್ಟು, ಗಣೇಶನ ಹಬ್ಬಕ್ಕೆ ಕಡುಬು, ಸಂಕ್ರಾಂತಿಯ ಆಸುಪಾಸಿನಲ್ಲಿ ಅವರೆಕಾಳಿನ ಹತ್ತಾರು ಬಗೆ, ಹೀಗೆ ಆಯಾ ಕಾಲಕ್ಕೆ ತಕ್ಕ ಅಡುಗೆಗಳು ಅಲ್ಲಿ ಬರುತ್ತವೆ. ಅವುಗಳ ಬಗ್ಗೆ ನನ್ನ ದೂರೇನೂ ಇಲ್ಲ. ಆದರೆ ಹಬ್ಬದ ದಿನ ಏನು ಮಾಡಬೇಕೆಂಬುದನ್ನು ಹಬ್ಬವೇ ಹೇಳಿಬಿಡುತ್ತದೆ. ಹಬ್ಬವೂ ಅಲ್ಲದ, ಹುಣ್ಣಿಮೆಯೂ ಅಲ್ಲದ ಒಂದು ಮಂಗಳವಾರ ಸಂಜೆ ಏಳು ಗಂಟೆಗೆ, ಮನೆಯವರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗ, ರಾತ್ರಿಗೆ ಏನು ಎಂಬ ಪ್ರಶ್ನೆಗೆ ಉತ್ತರ ಹೇಳುವವರು ಯಾರೂ ಇರುವುದಿಲ್ಲ. ಆ ಮಂಗಳವಾರದ ಬಗ್ಗೆ, ಅಂದರೆ ಇಡೀ ವಾರದ ರಾತ್ರಿ ಊಟಗಳನ್ನು ಮೊದಲೇ ಕುಳಿತು ಗೊತ್ತುಮಾಡಿಕೊಳ್ಳುವ ಬಗ್ಗೆ, ನಾಲ್ಕು ಮಾತು ಬರೆಯಬೇಕೆನಿಸಿ ಈ ಪತ್ರ. ಪತ್ರಿಕೆಗೆ ಒಂದು ಸಣ್ಣ ಕೋರಿಕೆಯೂ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನಾನು ನಗರದ ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಮೂವತ್ತು ವರ್ಷಕ್ಕೂ ಮೀರಿ ದುಡಿದು ನಿವೃತ್ತನಾದವನು. 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಕ್ಯಾಂಟೀನ್ ನಡೆಸಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆ ವಿಧಿಸಿತ್ತು. ನಮ್ಮಲ್ಲಿಯೂ ಅಂಥದೊಂದು ದೊಡ್ಡ ಕ್ಯಾಂಟೀನ್ ಇತ್ತು, ಅದರ ದಿನಸಿ ನಮ್ಮ ಉಗ್ರಾಣದಿಂದಲೇ ಹೋಗುತ್ತಿತ್ತು. ಮುಂದಿನ ವಾರಕ್ಕೆ ಬೇಕಾದ ಅಕ್ಕಿ, ಬೇಳೆ, ಎಣ್ಣೆ, ಹುಣಸೆಹಣ್ಣಿನ ಇಂಡೆಂಟ್, ಅಂದರೆ ಬೇಡಿಕೆಯ ಪಟ್ಟಿ, ಪ್ರತಿ ಗುರುವಾರ ಮಧ್ಯಾಹ್ನ ನನ್ನ ಮೇಜಿನ ಮೇಲಿರುತ್ತಿತ್ತು. ಕ್ಯಾಂಟೀನಿನ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ವಾರದ ಆರು ದಿನದ ಊಟವನ್ನು ಸೀಮೆಸುಣ್ಣದಲ್ಲಿ ಬರೆದಿರುತ್ತಿದ್ದರು. ಬುಧವಾರವೆಂದರೆ ಬಿಸಿಬೇಳೆಬಾತ್ ಎಂದು ಎಲ್ಲರಿಗೂ ಗೊತ್ತಿತ್ತು; ಬಿಸಿಬೇಳೆಬಾತ್ ಇಷ್ಟವಿಲ್ಲದವರು ಬುಧವಾರ ಮನೆಯಿಂದ ಬುತ್ತಿ ತರುತ್ತಿದ್ದರು. ಸಾವಿರ ಜನರ ಊಟ ಹೀಗೆ ಗದ್ದಲವಿಲ್ಲದೆ ನಡೆಯುವುದನ್ನು ಅಷ್ಟು ವರ್ಷ ಹತ್ತಿರದಿಂದ ಕಂಡಿದ್ದರೂ, ಐದು ಜನರ ನಮ್ಮ ಮನೆಯಲ್ಲಿ ರಾತ್ರಿಯ ಊಟ ಹೇಗೆ ನಿರ್ಧಾರವಾಗುತ್ತದೆ ಎಂದು ನಾನು ಒಮ್ಮೆಯೂ ವಿಚಾರಿಸಿರಲಿಲ್ಲ. ತಟ್ಟೆ ಮುಂದೆ ಬರುತ್ತಿತ್ತು, ಉಣ್ಣುತ್ತಿದ್ದೆ.

ಕಳೆದ ವರ್ಷ ನನ್ನ ಪತ್ನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಕೆಲವು ವಾರ ಒಲೆಯ ಮುಂದೆ ನಿಲ್ಲಬಾರದು, ಬಗ್ಗಬಾರದು ಎಂದು ವೈದ್ಯರು ಹೇಳಿದ್ದರಿಂದ ಅಡುಗೆಮನೆ ನನ್ನ ಮತ್ತು ಸೊಸೆಯ ಪಾಲಿಗೆ ಬಂತು. ಸೊಸೆ ಹೊರವರ್ತುಲ ರಸ್ತೆಯ ಕಚೇರಿಯಿಂದ ಮನೆ ಮುಟ್ಟುವಾಗ ಎಂಟೂವರೆಯಾಗುತ್ತದೆ. ಮೊದಲ ದಿನ ಸಂಜೆ ನಾನು ಈರುಳ್ಳಿ ಬುಟ್ಟಿಯ ಮುಂದೆ ನಿಂತು, ಕಪ್ಪು ಕನ್ನಡಕ ಹಾಕಿ ಹಜಾರದಲ್ಲಿ ಕುಳಿತಿದ್ದ ಪತ್ನಿಯನ್ನು, ‘ರಾತ್ರಿಗೆ ಏನು ಮಾಡೋಣ?’ ಎಂದು ಕೂಗಿ ಕೇಳಿದೆ. ‘ಇಷ್ಟು ವರ್ಷ ನಾನು ಯಾರನ್ನು ಕೇಳ್ತಿದ್ದೆ?’ ಎಂದಳು. ಕೋಪದಿಂದೇನೂ ಅಲ್ಲ, ನಿಜವಾಗಿ ನೆನಪು ಮಾಡಿಕೊಳ್ಳುವವಳ ಹಾಗೆ.

ಮೂರು ದಿನ ಹೇಗೋ ನಡೆಯಿತು: ಚಿತ್ರಾನ್ನ, ಉಪ್ಪಿಟ್ಟು, ಮೂರನೆಯ ದಿನ ಹೊರಗಿನಿಂದ ತರಿಸಿದ್ದು. ಅಡುಗೆ ಮಾಡುವುದು ನನಗೆ ಅಷ್ಟೇನೂ ಕಷ್ಟವೆನಿಸಲಿಲ್ಲ. ಮಧ್ಯಾಹ್ನ ಮೂರಕ್ಕೇ ತಲೆಯೊಳಗೆ ಶುರುವಾಗುತ್ತಿದ್ದ ಲೆಕ್ಕ ಕಷ್ಟವೆನಿಸಿತು. ಮನೆಯಲ್ಲಿ ಏನಿದೆ, ಏನು ಕೊಳೆಯುತ್ತಿದೆ, ನಿನ್ನೆ ಏನು ಮಾಡಿದ್ದೆವು, ಮಗನಿಗೆ ಇಂದು ಅಮೆರಿಕದವರ ಜೊತೆ ರಾತ್ರಿ ಮೀಟಿಂಗ್ ಇದೆಯೇ, ಮೊಮ್ಮಗಳು ಸೋರೆಕಾಯಿ ಮುಟ್ಟುತ್ತಾಳೆಯೇ ಎಂಬುದೆಲ್ಲವನ್ನೂ ಒಂದೇ ಸಲಕ್ಕೆ ಹಿಡಿದಿಟ್ಟುಕೊಂಡು ಉತ್ತರ ತೆಗೆಯಬೇಕು, ಅದನ್ನು ಪ್ರತಿದಿನ ತೆಗೆಯಬೇಕು. ನಾಲ್ಕನೆಯ ದಿನ ನಾನು ಉಗ್ರಾಣದವನಾಗಿ ಯೋಚಿಸಿದೆ. ಶುಕ್ರವಾರ ರಾತ್ರಿ ಊಟವಾದ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ಮುಂದಿನ ಏಳು ರಾತ್ರಿಗಳ ಇಂಡೆಂಟ್ ಬರೆದೆ. ಅಂದಿನಿಂದ ಅದು ನಿಂತಿಲ್ಲ. ಪತ್ನಿಯ ಕಣ್ಣು ಸರಿಹೋಗಿ ಆಕೆ ಒಲೆಯ ಮುಂದೆ ಮರಳಿದ ಮೇಲೂ ನಿಂತಿಲ್ಲ.

ಬರೆಯುವುದಕ್ಕೆ ಹೊಸ ಪುಸ್ತಕವಾಗಲಿ, ಫೋನಿನ ಆ್ಯಪ್ ಆಗಲಿ ಬೇಕಾಗಲಿಲ್ಲ. ಗೋಡೆಯ ಮೇಲಿನ ದೊಡ್ಡ ಕ್ಯಾಲೆಂಡರಿನಲ್ಲಿ ನಾವೆಲ್ಲ ಹಾಲಿನ ಲೆಕ್ಕ ಬರೆಯುತ್ತೇವಲ್ಲವೇ, ಅದೇ ಚೌಕದೊಳಗೆ, ಹಾಲಿನ ಅರ್ಧ ಲೀಟರಿನ ಕೆಳಗೆ, ಪೆನ್ಸಿಲಿನಲ್ಲಿ ರಾತ್ರಿಯ ಊಟವನ್ನು ಬರೆಯುತ್ತೇವೆ. ಆ ಚೌಕದಲ್ಲಿ ತಿಥಿ, ಏಕಾದಶಿ, ಸಂಕಷ್ಟಿ ಎಲ್ಲ ಮೊದಲೇ ಅಚ್ಚಾಗಿರುವುದು ದೊಡ್ಡ ಅನುಕೂಲ. ಸಂಕಷ್ಟಿಯ ದಿನ ಚಂದ್ರೋದಯದ ತನಕ ಪತ್ನಿ ಊಟ ಮಾಡುವುದಿಲ್ಲ, ಆಗ ಎಷ್ಟೋ ಸಲ ರಾತ್ರಿ ಒಂಬತ್ತರ ಮೇಲಾಗುತ್ತದೆ. ಆ ದಿನ ಆರಿದರೆ ಕೆಡುವ ದೋಸೆಯಂಥದನ್ನು ಬರೆಯಬಾರದೆಂಬುದು ಚೌಕ ನೋಡಿದೊಡನೆ ತಿಳಿಯುತ್ತದೆ. ಪೆನ್ಸಿಲ್ ಏಕೆಂದರೆ ಅಳಿಸುವ ಸಂದರ್ಭ ಬಂದೇ ಬರುತ್ತದೆ.

ಏನು ಎಂಬುದಕ್ಕಿಂತ ಮೊದಲು ಎಷ್ಟು ಜನ ಎಂದು ಬರೆಯಬೇಕು. ಕ್ಯಾಂಟೀನಿನಿಂದ ನಾನು ಮನೆಗೆ ತಂದ ಮೊದಲ ಪಾಠ ಇದೇ. ಅಲ್ಲಿ ಹಾಜರಿಯ ಸಂಖ್ಯೆ ಬರದೆ ಅಕ್ಕಿ ತೊಳೆಯುತ್ತಿರಲಿಲ್ಲ. ಬೆಂಗಳೂರಿನಲ್ಲಿ ಮನೆಮಂದಿಯೆಲ್ಲ ಒಂದೇ ಹೊತ್ತಿಗೆ ತಟ್ಟೆಯ ಮುಂದೆ ಕೂರುವ ರಾತ್ರಿಗಳು ವಾರದಲ್ಲಿ ಎಷ್ಟು ಎಂದು ಯಾರಾದರೂ ಪ್ರಾಮಾಣಿಕವಾಗಿ ಎಣಿಸಿ ನೋಡಬೇಕು. ನಾವು ಎಣಿಸಿದಾಗ ಎರಡು ಬಂತು. ಬುಧವಾರ ಮತ್ತು ಶುಕ್ರವಾರ ಸೊಸೆಗೆ ಮನೆಯಿಂದಲೇ ಕೆಲಸ; ಸೋಮವಾರ ಮಗ ಬರುವುದು ಹತ್ತರ ಮೇಲೆ; ಗುರುವಾರ ಮೊಮ್ಮಗಳಿಗೆ ಸಂಗೀತದ ಪಾಠ. ಈ ಹಾಜರಿ ಕಣ್ಣೆದುರಿಗೆ ಬಂದ ಮೇಲೆ ಅಡುಗೆಯ ಅರ್ಧ ತಾನೇ ಗೊತ್ತಾಗುತ್ತದೆ. ಐವರೂ ಇರುವ ರಾತ್ರಿಗೆ ಕೂಡಲೇ ತಟ್ಟೆಗೆ ಬೀಳಬೇಕಾದ ರೊಟ್ಟಿ, ದೋಸೆ, ಮುದ್ದೆ; ಬೇರೆ ಬೇರೆ ಹೊತ್ತಿಗೆ ಉಣ್ಣುವ ರಾತ್ರಿಗೆ ಮತ್ತೆ ಬಿಸಿಮಾಡಿದರೂ ಕೆಡದ ಹುಳಿ, ಬಾತು, ಪೊಂಗಲ್. ಮೊದಲೆಲ್ಲ ಇದಕ್ಕೆ ತಿರುಗಾಮುರುಗಾ ಆಗಿ, ಒಬ್ಬನೇ ಉಣ್ಣುವ ಮಗನಿಗಾಗಿ ಪತ್ನಿ ಹತ್ತೂವರೆಗೆ ಹೆಂಚು ಇಡುತ್ತಿದ್ದಳು.

ಎರಡನೆಯ ಸಂಗತಿಯನ್ನು ಪೆಟ್ಟು ತಿಂದು ಕಲಿತೆ. ಮೊದಲ ವಾರ ನಾನು ಗುರುವಾರದ ಚೌಕದಲ್ಲಿ ‘ಮೊಳಕೆ ಹುರುಳಿಕಾಳಿನ ಸಾರು, ಮುದ್ದೆ’ ಎಂದು ದಪ್ಪಕ್ಷರದಲ್ಲಿ ಬರೆದು, ಗುರುವಾರ ಬೆಳಿಗ್ಗೆ ಡಬ್ಬಿಯಿಂದ ಹುರುಳಿ ತೆಗೆದೆ. ಪತ್ನಿ ನಕ್ಕಳು. ಹುರುಳಿಯನ್ನು ಮಂಗಳವಾರ ರಾತ್ರಿ ನೆನೆಹಾಕಿ, ಬುಧವಾರ ಬೆಳಿಗ್ಗೆ ನೀರು ಬಸಿದು, ತೆಳುವಾದ ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟರೆ ಗುರುವಾರ ಸಂಜೆಗೆ ಅಕ್ಕಿಕಾಳಿನುದ್ದ ಮೊಳಕೆ ಬರುತ್ತದೆ. ಡಿಸೆಂಬರಿನ ಚಳಿಯಲ್ಲಿ ಇನ್ನೂ ಅರ್ಧ ದಿನ ಬೇಕು. ಅಂದರೆ ಗುರುವಾರದ ಊಟದ ಕೆಲಸ ಇರುವುದು ಮಂಗಳವಾರದ ಚೌಕದಲ್ಲಿ. ಈಗ ನಮ್ಮ ಕ್ಯಾಲೆಂಡರಿನಲ್ಲಿ ಅಡುಗೆಯ ಹೆಸರುಗಳಿಗಿಂತ ‘ನೆನೆ’, ‘ರುಬ್ಬು’, ‘ಹೆಪ್ಪು’ ಎಂಬ ಸಣ್ಣ ಟಿಪ್ಪಣಿಗಳೇ ಹೆಚ್ಚು. ಅಡುಗೆಯ ಪುಟಗಳಲ್ಲಿ ‘ಹಿಂದಿನ ರಾತ್ರಿ ನೆನೆಸಿದ ಕಾಳು, ಒಂದು ಬಟ್ಟಲು’ ಎಂದು ಸಾಮಗ್ರಿಗಳ ಸಾಲಿನಲ್ಲಿ ಸದ್ದಿಲ್ಲದೆ ಬರೆದುಬಿಡುತ್ತಾರಲ್ಲ, ಆ ಹಿಂದಿನ ರಾತ್ರಿ ಯಾರ ನೆನಪಿನಲ್ಲಿತ್ತು ಎಂಬುದನ್ನು ಯಾರೂ ಕೇಳುವುದಿಲ್ಲ.

ರುಬ್ಬಿದ ಹಿಟ್ಟಿನ ವಿಷಯದಲ್ಲಿ ನಮ್ಮ ಹೆಂಗಸರು ಯಾವ ಯೋಜನಾ ಆಯೋಗಕ್ಕೂ ಕಡಿಮೆಯಿಲ್ಲ. ಶನಿವಾರ ಬೆಳಿಗ್ಗೆ ಅಕ್ಕಿ, ಉದ್ದು ನೆನೆಸಿ, ಮಧ್ಯಾಹ್ನ ರುಬ್ಬಿ, ರಾತ್ರಿಯೆಲ್ಲ ಹುದುಗಲು ಬಿಟ್ಟರೆ ಭಾನುವಾರ ಇಡ್ಲಿ. ಮಿಕ್ಕ ಹಿಟ್ಟಿನಲ್ಲಿ ಸೋಮವಾರ ದೋಸೆ. ಅದು ಸ್ವಲ್ಪ ಹುಳಿಯಾದ ಮೇಲೆ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೇರಿಸಿ ಮಂಗಳವಾರ ಗುಳಿಯಪ್ಪ ಅಥವಾ ಊತಪ್ಪ. ಒಂದೇ ಸಲ ರುಬ್ಬಿ ಮೂರು ದಿನ, ಮೂರು ರುಚಿ. ಬಸ್ಸಾರಿನದೂ ಇದೇ ಜಾಣತನ. ತೊಗರಿಬೇಳೆಯನ್ನು ಮುಕ್ಕಾಲು ಬೇಯಿಸಿ, ಅದಕ್ಕೆ ದಂಟಿನ ಸೊಪ್ಪು ಹಾಕಿ, ಬೆಂದ ಮೇಲೆ ಕಟ್ಟನ್ನು ಬಸಿದು, ಒಂದು ಹಿಡಿ ಬೆಂದ ಸೊಪ್ಪು ಬೇಳೆಯನ್ನು ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ತೆಂಗಿನತುರಿಯೊಂದಿಗೆ ರುಬ್ಬಿ ಕಟ್ಟಿಗೆ ಸೇರಿಸಿ ಕುದಿಸಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟು ಕಾಯಿ ತುರಿದು ಹಾಕಿದರೆ ಪಲ್ಯ. ಬಸ್ಸಾರನ್ನು ಮಾಡಿದ ದಿನಕ್ಕಿಂತ ಮಾರನೆಯ ದಿನ ಉಣ್ಣುವುದೇ ಮೇಲು ಎನ್ನುವವರ ಗುಂಪಿಗೆ ನಾನು ಸೇರಿದವನು. ಆದ್ದರಿಂದ ನಮ್ಮ ಪಟ್ಟಿಯಲ್ಲಿ ಬಸ್ಸಾರಿಗೆ ಯಾವಾಗಲೂ ಅಕ್ಕಪಕ್ಕದ ಎರಡು ಚೌಕ.

ಇದನ್ನೆಲ್ಲ ಹೊಸ ಕಾಲದ, ಹೊರಗಿನಿಂದ ಬಂದ ಶಿಸ್ತು ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ನಮ್ಮ ಬಡಾವಣೆಯ ಪಾರ್ಕಿನ ಬೆಂಚಿನ ಮೇಲೆ ನನ್ನ ಕ್ಯಾಲೆಂಡರಿನ ವಿಷಯ ತೆಗೆದಾಗ, ‘ಊಟಕ್ಕೂ ಟೈಮ್‌ಟೇಬಲ್ಲೇ?’ ಎಂದು ಹಿರಿಯರೊಬ್ಬರು ಬೇಸರಪಟ್ಟರು. ಅವರ ಮನೆಯಲ್ಲಿ ಶನಿವಾರ ರಾತ್ರಿ ಒಪ್ಪತ್ತು, ಅನ್ನ ಮಾಡುವುದಿಲ್ಲ, ಅವಲಕ್ಕಿಯೋ ಚಪಾತಿಯೋ ಆಗುತ್ತದೆ; ಏಕಾದಶಿಗೆ ಒಲೆಯೇ ಹೆಚ್ಚು ಉರಿಯುವುದಿಲ್ಲ. ಮಾಂಸ ತಿನ್ನುವ ಎಷ್ಟೋ ಮನೆಗಳಲ್ಲಿ ಸೋಮವಾರ, ಶನಿವಾರ ಮಾಂಸವಿಲ್ಲ, ಭಾನುವಾರಕ್ಕೆ ಅದರ ಜಾಗ ಕಾದಿಟ್ಟಿರುತ್ತದೆ. ಮಾಧ್ವ ಸಂಪ್ರದಾಯದ ಮನೆಗಳ ಚಾತುರ್ಮಾಸ್ಯವನ್ನಂತೂ ನೋಡಬೇಕು: ಆಷಾಢದ ಏಕಾದಶಿಯಿಂದ ಮೊದಲ ತಿಂಗಳು ಶಾಕವ್ರತ, ತರಕಾರಿಯಿಲ್ಲ, ಎರಡನೆಯ ತಿಂಗಳು ದಧಿವ್ರತ, ಮೊಸರಿಲ್ಲ, ಮೂರನೆಯದು ಕ್ಷೀರವ್ರತ, ಹಾಲಿಲ್ಲ, ನಾಲ್ಕನೆಯದು ದ್ವಿದಳವ್ರತ, ಬೇಳೆಕಾಳುಗಳಿಲ್ಲ. ನಾಲ್ಕು ತಿಂಗಳ ಅಡುಗೆಯ ಪಟ್ಟಿಯನ್ನು ಹೀಗೆ ಮೊದಲೇ ಹಾಕಿಟ್ಟವರ ಮೊಮ್ಮಕ್ಕಳಿಗೆ ಏಳು ದಿನದ ಪಟ್ಟಿ ಪರದೇಶಿಯಂತೆ ಕಾಣುವುದು ವಿಚಿತ್ರ. ನಮ್ಮಲ್ಲಿ ವಾರಕ್ಕೆ ಒಂದು ಲಯ ಇದ್ದೇ ಇತ್ತು. ನಗರದ ಕಚೇರಿಯ ವೇಳೆ ಅದನ್ನು ಕಲಕಿಬಿಟ್ಟಿತು, ಅಷ್ಟೆ.

ತರಕಾರಿಯ ವಿಷಯಕ್ಕೆ ಬರುತ್ತೇನೆ, ಇಲ್ಲಿ ನನ್ನ ತಪ್ಪೂ ಒಂದಿದೆ. ಎರಡನೆಯ ವಾರ ಉತ್ಸಾಹದಿಂದ ಬೆಳಿಗ್ಗೆ ಆರಕ್ಕೇ ಕೆ.ಆರ್. ಮಾರುಕಟ್ಟೆಗೆ ಹೋಗಿ, ಸೊಪ್ಪಿನ ಕಟ್ಟುಗಳ ತೇವ ಮತ್ತು ಹಸಿರಿಗೆ ಮರುಳಾಗಿ, ಮೆಂತ್ಯ, ಪಾಲಕ್, ಹರಿವೆ, ಸಬ್ಬಸಿಗೆ ಎಂದು ನಾಲ್ಕು ಬಗೆ ತಂದೆ. ಪಟ್ಟಿಯಲ್ಲಿ ಸೊಪ್ಪು ಇದ್ದದ್ದು ಬುಧವಾರ ಮತ್ತು ಶುಕ್ರವಾರ. ಬುಧವಾರ ತೆಗೆದಾಗ ಹರಿವೆಯ ಕಟ್ಟಿನ ನಡುವಿನ ಎಲೆಗಳು ಕಪ್ಪಾಗಿ ಲೋಳೆಯಾಗಿದ್ದವು. ಕಟ್ಟಿದ್ದ ಬಾಳೆನಾರನ್ನು ಬಿಚ್ಚಿ, ಬೇರು ಕತ್ತರಿಸಿ, ಕಾಗದದಲ್ಲಿ ಸುತ್ತಿಡಬೇಕೆಂಬುದು ನನಗೆ ತಿಳಿದಿರಲಿಲ್ಲ. ಎರಡು ಕಟ್ಟು ನೇರವಾಗಿ ಹಸಿಕಸದ ಹಸಿರು ಬಕೆಟ್ಟಿಗೆ ಹೋದವು. ಉಗ್ರಾಣದಲ್ಲಿ ಹಳೆಯ ಸರಕು ಮೊದಲು ಹೊರಗೆ ಹೋಗಬೇಕೆಂಬುದು ನಿಯಮ. ಅಡುಗೆಮನೆಯಲ್ಲಿ ಬೇಗ ಕೆಡುವ ಸರಕು ಮೊದಲು ಹೋಗಬೇಕು. ಈಗ ಶನಿವಾರ ಚೀಲ ಬಂದರೆ, ಭಾನುವಾರ ಮತ್ತು ಸೋಮವಾರ ಸೊಪ್ಪು, ಅಲ್ಲಿಂದ ಮುಂದೆ ಬೆಂಡೆ, ಹುರುಳಿಕಾಯಿ, ಪಡವಲ, ಹೀರೆ, ವಾರದ ಕೊನೆಗೆ ಬೀಟ್‌ರೂಟ್, ಸಿಹಿಗುಂಬಳ, ಸುವರ್ಣಗೆಡ್ಡೆ. ಎಲೆ ಮೊದಲು, ಕಾಯಿ ಆಮೇಲೆ, ಗೆಡ್ಡೆ ಕೊನೆಗೆ ಎಂದು ಮೊಮ್ಮಗಳು ಇದನ್ನು ರಾಗವಾಗಿ ಹೇಳುತ್ತಾಳೆ.

ಪಟ್ಟಿ ಬರೆದದ್ದರಿಂದಲೇ ಹೊರಬಿದ್ದ ಮತ್ತೊಂದು ಸತ್ಯವನ್ನೂ ಹೇಳಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪರಿಷ್ಕರಿಸಿ ಹೊರತಂದ ಆಹಾರದ ಮಾರ್ಗಸೂಚಿಯಲ್ಲಿ ಸೊಪ್ಪೂ ಸೇರಿದಂತೆ ಒಬ್ಬ ವಯಸ್ಕರಿಗೆ ದಿನಕ್ಕೆ 400 ಗ್ರಾಂ ತರಕಾರಿ ಬೇಕೆಂದಿದೆ. ನಾವು ನಾಲ್ವರು ವಯಸ್ಕರು, ಏಳು ದಿನ. ಮೂರು ಹೊತ್ತಿನದೂ ಸೇರಿ 11 ಕೆಜಿಗೆ ಮೀರುತ್ತದೆ. ನಮ್ಮ ಚೀಲ, ಈರುಳ್ಳಿ ಆಲೂಗಡ್ಡೆ ಬಿಟ್ಟರೆ, ಐದು ಕೆಜಿ ಮುಟ್ಟುತ್ತಿರಲಿಲ್ಲ. ಚೆನ್ನಾಗಿ ಉಣ್ಣುತ್ತಿದ್ದೇವೆ ಎಂದುಕೊಂಡಿದ್ದವರು ನಾವು. ತಟ್ಟೆಯ ಮುಕ್ಕಾಲು ಅನ್ನವೇ ಇತ್ತು. ಲೆಕ್ಕ ಬರೆಯದ ತನಕ ಯಾವ ಉಗ್ರಾಣದಲ್ಲೂ ಕೊರತೆ ಕಾಣುವುದಿಲ್ಲ.

ಹಾಗೆಂದು ಬರೆದದ್ದು ಶಾಸನವಲ್ಲ. 2023ರ ಜುಲೈನಲ್ಲಿ ಇದೇ ನಗರದಲ್ಲಿ ಟೊಮೆಟೊ ಕೆಜಿಗೆ 100 ರೂಪಾಯಿ ದಾಟಿದ್ದನ್ನು ಓದುಗರು ಮರೆತಿರಲಾರರು. ಅಂಥ ವಾರ ಟೊಮೆಟೊ ಬಾತನ್ನು ಅಳಿಸಿ ಮೆಣಸಿನ ಸಾರೆಂದೋ, ಹುಣಸೆಹಣ್ಣಿನ ಗೊಜ್ಜೆಂದೋ ಬರೆಯುವುದಕ್ಕೆ ಪೆನ್ಸಿಲ್ ಇದೆ. ತಮ್ಮ ಪತ್ರಿಕೆಯ ನಗರ ಪುಟದಲ್ಲಿ ‘ಇಂದು ವಿದ್ಯುತ್ ವ್ಯತ್ಯಯ’ ಎಂದು ಬಡಾವಣೆಗಳ ಪಟ್ಟಿ ಬಂದ ದಿನ ನಾನು ಮೊದಲು ನೋಡುವುದು ಅಂದು ರುಬ್ಬುವ ಕೆಲಸ ಇದೆಯೇ ಎಂಬುದನ್ನು. ಕಾವೇರಿ ನೀರು ಬಾರದ ದಿನ ಹತ್ತು ಪಾತ್ರೆ ಬೇಡುವ ಅಡುಗೆಯನ್ನು ಮುಂದೂಡುತ್ತೇವೆ. ಏಳು ರಾತ್ರಿಗಳಲ್ಲಿ ಒಂದನ್ನು ಏನೂ ಬರೆಯದೆ ಖಾಲಿ ಬಿಡುತ್ತೇವೆ. ಅಂದು ಮಿಕ್ಕಿದ್ದನ್ನೆಲ್ಲ ಮುಗಿಸುವುದು, ಇಲ್ಲವೇ ಎಲ್ಲರೂ ಗಾಂಧಿ ಬಜಾರಿನ ಕಡೆ ನಡೆದುಕೊಂಡು ಹೋಗಿ ಮಸಾಲೆ ದೋಸೆ ತಿಂದು ಬರುವುದು. ಖಾಲಿ ಚೌಕವಿಲ್ಲದ ಪಟ್ಟಿ ಮೂರನೆಯ ವಾರ ದಾಟುವುದಿಲ್ಲ.

ಮಿಕ್ಕಿದ್ದು ಎಂದೆನಲ್ಲ, ಅದರ ಬಗ್ಗೆ ಒಂದು ಎಚ್ಚರಿಕೆ. ಮುಂಚಿತವಾಗಿ ಯೋಜಿಸುವುದೆಂದರೆ ಭಾನುವಾರವೇ ಏಳು ದಿನದ್ದನ್ನು ಬೇಯಿಸಿ ಫ್ರಿಜ್ಜಿನಲ್ಲಿ ಪೇರಿಸುವುದೆಂದು ಕೆಲವರು ತಿಳಿದಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಕಾಲ ಹೊರಗೆ ಬಿಡಬಾರದು, 5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಶೈತ್ಯದಲ್ಲಿ ಇಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಮನೆಗಳಲ್ಲಿ ಅನ್ನದ ಪಾತ್ರೆ ರಾತ್ರಿಯೆಲ್ಲ ಕಟ್ಟೆಯ ಮೇಲೆ ಕುಳಿತು ಬೆಳಿಗ್ಗೆ ಚಿತ್ರಾನ್ನವಾಗುತ್ತದೆ. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿತಕ್ಕೂ ಸಾಯುವುದಿಲ್ಲ, ಅದು ಬಿಡುವ ವಿಷ ಮತ್ತೆ ಬಿಸಿಮಾಡಿದರೂ ಹೋಗುವುದಿಲ್ಲ. ನಾಳೆಯ ಚಿತ್ರಾನ್ನವೂ ಪಟ್ಟಿಯಲ್ಲಿದ್ದರೆ, ಅದರ ಅನ್ನವನ್ನು ಊಟಕ್ಕೆ ಮೊದಲೇ ಬೇರೆ ತೆಗೆದು ಅಗಲವಾದ ತಟ್ಟೆಯಲ್ಲಿ ಆರಿಸಿ ಒಳಗಿಡಬಹುದು. ಉಳಿದರೆ ನೋಡೋಣ ಎಂಬ ಅನ್ನಕ್ಕೆ ಆ ಭಾಗ್ಯವಿಲ್ಲ.

ಹತ್ತು ನಿಮಿಷದಲ್ಲಿ ಬಾಗಿಲಿಗೇ ಕೊತ್ತಂಬರಿ ಸೊಪ್ಪು ಬರುವ ಕಾಲದಲ್ಲಿ ಇಷ್ಟೆಲ್ಲ ಏಕೆ ಎಂದು ಮಗ ಕೇಳಿದ. ನ್ಯಾಯವಾದ ಪ್ರಶ್ನೆಯೇ. ಸರಕು ಬರುವುದು ತಡವಾಗುತ್ತಿದೆ ಎಂಬುದು ಸಮಸ್ಯೆಯಾಗಿದ್ದರೆ ಆ ಹುಡುಗರ ಬೈಕುಗಳು ಅದನ್ನು ಬಗೆಹರಿಸಿಬಿಟ್ಟಿವೆ. ಆದರೆ ಹತ್ತು ನಿಮಿಷದಲ್ಲಿ ಏನನ್ನು ತರಿಸಬೇಕೆಂದು ಯೋಚಿಸುವವರು ಮನೆಯಲ್ಲಿ ಈಗಲೂ ಒಬ್ಬರೇ. ಮೊದಲು ಸಂಜೆ ಐದಕ್ಕೆ ಆಗುತ್ತಿದ್ದ ಆ ಯೋಚನೆ ಈಗ ಏಳೂ ಮುಕ್ಕಾಲಿಗೆ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಬಸ್ಸಿನೊಳಗೆ, ಸೊಸೆಯ ಫೋನಿನ ಮೇಲೆ ಆಗುತ್ತದೆ. ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು 2019ರಲ್ಲಿ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, 2024ರಲ್ಲಿ 289 ನಿಮಿಷ. ಮಿಕ್ಸಿ, ಫ್ರಿಜ್ಜು, ಹತ್ತು ನಿಮಿಷದ ಬೈಕು ಎಲ್ಲ ಸೇರಿ ಐದು ವರ್ಷದಲ್ಲಿ ಉಳಿಸಿದ್ದು ಹತ್ತು ನಿಮಿಷ. ಗಂಡಸರದು ಅದೇ ಅವಧಿಯಲ್ಲಿ 97ರಿಂದ 88ಕ್ಕೆ ಇಳಿಯಿತು. ನಾವು ಎಲ್ಲಿ ಉಳಿತಾಯ ಮಾಡಿದೆವೋ ನನಗೆ ಹೊಳೆಯಲಿಲ್ಲ. ಅಷ್ಟಲ್ಲದೆ, ಒಲೆಯ ಮುಂದೆ ನಿಂತ ನಿಮಿಷಗಳನ್ನು ಎಣಿಸಬಹುದು. ಬೇರೆ ಕೆಲಸ ಮಾಡುತ್ತಲೇ ರಾತ್ರಿಯ ಊಟವನ್ನು ನೆನೆಯುವ ನಿಮಿಷಗಳನ್ನು ಯಾವ ಅಂಕಣದಲ್ಲಿ ಬರೆಯುವುದು?

ನನ್ನ ಮಟ್ಟಿಗೆ ಗೋಡೆಯ ಮೇಲಿನ ಆ ಪಟ್ಟಿಯ ನಿಜವಾದ ಪ್ರಯೋಜನ ಇಲ್ಲಿಯೇ ಇದೆ. ದುಡ್ಡೂ ಉಳಿಯುತ್ತದೆ, ಸೊಪ್ಪೂ ಕೊಳೆಯುವುದಿಲ್ಲ, ಅವೆಲ್ಲ ಸರಿ. ಆದರೆ ಒಬ್ಬರ ತಲೆಯೊಳಗಿದ್ದದ್ದು ಎಲ್ಲರ ಕಣ್ಣಿಗೆ ಬೀಳುವ ಜಾಗಕ್ಕೆ ಬಂದೊಡನೆ, ಮೊದಲು ಬಂದವರು ಕುಕ್ಕರ್ ಇಡಬಹುದು. ಕಳೆದ ತಿಂಗಳು ಒಂದು ಸಂಜೆ ನಾವಿಬ್ಬರೂ ಮದುವೆಯೊಂದರ ಆರತಕ್ಷತೆಗೆ ಹೋಗಿ ಬಂದಾಗ, ಎಂದೂ ಅಡುಗೆಮನೆಯ ದೀಪ ಹಾಕದ ಮಗ, ಚೌಕದಲ್ಲಿ ‘ಹೆಸರುಬೇಳೆ ತೊವ್ವೆ, ಬೀಟ್‌ರೂಟ್ ಪಲ್ಯ’ ಎಂದಿದ್ದುದನ್ನು ಓದಿ, ಬೀಟ್‌ರೂಟನ್ನು ದೊಡ್ಡ ದೊಡ್ಡ ಹೋಳಾಗಿ ಹೆಚ್ಚಿ, ಅಂಗೈಯೆಲ್ಲ ಕೆಂಪು ಮಾಡಿಕೊಂಡು ನಿಂತಿದ್ದ. ಯಾರೂ ಅವನಿಗೆ ಹೇಳಿರಲಿಲ್ಲ. ಕೇಳುವ ಅಗತ್ಯವೂ ಅವನಿಗೆ ಬಿದ್ದಿರಲಿಲ್ಲ. ಪಲ್ಯಕ್ಕೆ ಉಪ್ಪು ಎರಡು ಸಲ ಬಿದ್ದಿತ್ತು, ಮೊಸರು ಹೆಚ್ಚು ಹಾಕಿಕೊಂಡು ಉಂಡೆವು.

ಊಟದ ಪೋಲನ್ನು ಕುರಿತೂ ಒಂದು ಮಾತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು, ಅದರಲ್ಲಿ ಶೇ 60ರಷ್ಟು ಮನೆಗಳಿಂದಲೇ. ಮದುವೆ ಮಂಟಪಗಳನ್ನೂ ಹೋಟೆಲುಗಳನ್ನೂ ಬೈಯುತ್ತಿದ್ದ ನನಗೆ ಆ ಎರಡು ಕಟ್ಟು ಹರಿವೆ ನೆನಪಾಯಿತು.

ಈಗ ಕೋರಿಕೆ. ವಾರದ ಊಟ ಗೊತ್ತುಮಾಡಲು ಮನೆಯವರಿಗೆ ಬೇಕಾದ ಮಾಹಿತಿಯೆಲ್ಲ ತಮ್ಮ ಪತ್ರಿಕೆಯಲ್ಲಿ ಈಗಾಗಲೇ ಇದೆ, ಆದರೆ ಬೇರೆ ಬೇರೆ ಪುಟಗಳಲ್ಲಿ ಚದುರಿಹೋಗಿದೆ. ಸಗಟು ಮಾರುಕಟ್ಟೆಯ ಧಾರಣೆ ವಾಣಿಜ್ಯ ಪುಟದಲ್ಲಿ, ತಿಥಿ ಪಂಚಾಂಗದ ಮೂಲೆಯಲ್ಲಿ, ವಿದ್ಯುತ್ ವ್ಯತ್ಯಯ ನಗರ ಪುಟದಲ್ಲಿ. 1959ರಲ್ಲಿ ಆರಂಭವಾದ, ಹಣ್ಣು ತರಕಾರಿ ಬೆಳೆಗಾರರ ಸಹಕಾರ ಸಂಘ ಹಾಪ್‌ಕಾಮ್ಸ್ ತನ್ನ ಮಳಿಗೆಗಳ ಹಲಗೆಯ ಮೇಲೆ ದಿನದಿನದ ದರವನ್ನು ಬರೆಯುತ್ತಲೇ ಬಂದಿದೆ; ಆದರೆ ಅದನ್ನು ಬೇರೆಯಾಗಿ ಹೋಗಿ ನೋಡಬೇಕು. ವಾರಕ್ಕೊಮ್ಮೆ ಇವನ್ನೆಲ್ಲ ಅಂಗೈಯಗಲದ ಒಂದೇ ಚೌಕಟ್ಟಿನಲ್ಲಿ ಕೊಟ್ಟರೆ ಸಾಕು: ಈ ವಾರ ಯಾವ ಸೊಪ್ಪು, ಯಾವ ಕಾಯಿ ಹೇರಳವಾಗಿ ಬಂದಿದೆ, ಅವುಗಳ ಚಿಲ್ಲರೆ ದರವೆಷ್ಟು, ಮುಂದಿನ ಏಳು ದಿನದಲ್ಲಿ ಏಕಾದಶಿ ಸಂಕಷ್ಟಿಗಳು ಯಾವಾಗ, ಮೊದಲೇ ಗೊತ್ತಾದಷ್ಟು ಮಟ್ಟಿಗೆ ಕರೆಂಟು ಎಲ್ಲಿ ಎಂದು ಹೋಗುತ್ತದೆ. ಜಾಗ ಉಳಿದರೆ ಓದುಗರ ಮನೆಯೊಂದರ ಏಳು ರಾತ್ರಿಯ ಪಟ್ಟಿಯನ್ನು, ಯಾವ ಅಲಂಕಾರವೂ ಇಲ್ಲದೆ, ಚಿತ್ರವೂ ಇಲ್ಲದೆ, ನೆನೆಹಾಕುವ ಟಿಪ್ಪಣಿಗಳ ಸಮೇತ ಪ್ರಕಟಿಸಬಹುದು. ಮಲೆನಾಡಿನಿಂದ ಬಂದವರ ಮನೆಯ ತಂಬುಳಿ, ಉತ್ತರ ಕರ್ನಾಟಕದವರ ಜೋಳದ ರೊಟ್ಟಿ ಎಣ್ಣೆಗಾಯಿ, ಕರಾವಳಿಯವರ ಮೀನಿನ ಸಾರು ವಾರದ ಯಾವ ದಿನ ಬೀಳುತ್ತವೆ ಎಂದು ತಿಳಿದುಕೊಳ್ಳುವ ಕುತೂಹಲ ನನ್ನೊಬ್ಬನದೇ ಆಗಿರಲಾರದು. ಮೊದಲ ಕಂತಿಗೆ ನಮ್ಮ ಮನೆಯ ಪಟ್ಟಿಯನ್ನು ಈ ಪತ್ರದ ಜೊತೆಯಲ್ಲಿ ಇಟ್ಟಿದ್ದೇನೆ. ಗುರುವಾರದ ಚೌಕದಲ್ಲಿ ಅಳಿಸಿ ಬರೆದ ಗುರುತನ್ನು ದಯವಿಟ್ಟು ಹಾಗೆಯೇ ಬಿಡಬೇಕು.

ಈ ಚೌಕಟ್ಟು ಭಾನುವಾರದ ಪುರವಣಿಯಲ್ಲಿ ಬರುವುದು ಬೇಡ. ಅಷ್ಟು ಹೊತ್ತಿಗೆ ಚೀಲ ತುಂಬಿ ಮನೆ ಸೇರಿರುತ್ತದೆ. ಶುಕ್ರವಾರದ ಸಂಚಿಕೆಯಲ್ಲಿ ಬಂದರೆ ಅಂದು ರಾತ್ರಿ ಊಟವಾದ ಮೇಲೆ ಪೆನ್ಸಿಲ್ ಹಿಡಿದು ಕೂರುವವರಿಗೂ, ಮರುದಿನ ಬೆಳಿಗ್ಗೆ ಮಾರುಕಟ್ಟೆಗೆ ಹೊರಡುವವರಿಗೂ ಕೈಗೆ ಸಿಗುತ್ತದೆ.

ಇಂತಿ,
ನಿವೃತ್ತ ಉಗ್ರಾಣ ಗುಮಾಸ್ತ,
ಹನುಮಂತನಗರ, ಬೆಂಗಳೂರು